ಹಿಂಗಾಲಿಗೆ ಹಿತ್ತಾಳೆ

ಕುಂಬಳೆ ಬಿಡಾರ,
ಮಾರ್ಚಿ ೧೯೩೮

ನಾಟಕ ಕಂಪೆನಿಯ ಧಣಿಗಳಾದ ಬೊನಿಫಾಸ್ ಅವರಿಗೆ, ಕುದುರೆಯ ಹಿಂಗಾಲಾಗಿ ಕುಣಿಯುವ ಮಂಜನ ನಮಸ್ಕಾರ.

ನೀವು ಮಂಗಳೂರಿನಿಂದ ಬರುತ್ತೀರಿ ಎಂದು ಕಾದೆ. ಕೂತಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಶನಿವಾರ ಮತ್ತೆ ನಾಟಕ ಉಂಟಲ್ಲ, ಅದಕ್ಕೆ ಬರೆದೆ.

ಹಳೇ ಕಾಲದ ಯುದ್ಧದ ಕುದುರೆಯ ಚಿತ್ರ ನೋಡಿ ನೀವು ಮಾಡಿಸಿದ ಕವಚ ಚಂದ ಉಂಟು. ಹಿತ್ತಾಳೆಯ ಬಿಲ್ಲೆಗಳನ್ನು ಮಾಡಿನ ಹಂಚಿನ ಹಾಗೆ ಒಂದರ ಮೇಲೊಂದು ಬರುವಂತೆ ಚರ್ಮಕ್ಕೆ ಹೊಲಿದಿದ್ದಾರೆ. ಆದರೆ ಆಗ ಅದನ್ನು ಹೊತ್ತದ್ದು ನಿಜವಾದ ಕುದುರೆ. ನಮ್ಮ ಬಿದಿರಿನ ಕುದುರೆಯೊಳಗೆ ಮುಂದೆ ನನ್ನ ಸೋದರಮಾವ ಹೊನ್ನಯ್ಯ, ಹಿಂದೆ ನಾನು. ತಲೆ, ಕುತ್ತಿಗೆ, ಎದೆ, ಎಲ್ಲದರ ಭಾರ ಮಾವನ ಹೆಗಲಿಗೆ.

ಮೊನ್ನೆ ತಾಳ ತಪ್ಪಿದೆನೆಂದು ನೀವು ಬೈದದ್ದು ಸರಿ. ಒಳಗೆ ನನಗೆ ಕಾಣುವುದು ಮಾವನ ಬೆನ್ನು ಮಾತ್ರ. ಅವರ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ಕಿವಿಗೊಟ್ಟರೆ ತಬಲ ಕೇಳುವುದಿಲ್ಲ.

ಮುಂಭಾಗದ ಬಿಲ್ಲೆ ಬಿಚ್ಚಲು ಅಪ್ಪಣೆ ಕೊಡಿ. ಅಡಿಕೆ ಹಾಳೆಯನ್ನು ಅದೇ ಆಕಾರಕ್ಕೆ ಕತ್ತರಿಸಿ, ಬಣ್ಣ ಬಳಿದು ನಾನೇ ಹೊಲಿಯುತ್ತೇನೆ. ಗ್ಯಾಸ್‌ಲೈಟಿನ ಬೆಳಕಿಗೆ ಯಾರಿಗೂ ಗೊತ್ತಾಗದು. ನಿಮ್ಮ ಹಿತ್ತಾಳೆ ದಂಡವಾಗುವುದು ಬೇಡ, ಬಿಚ್ಚಿದ್ದನ್ನೆಲ್ಲ ಹಿಂಭಾಗಕ್ಕೆ ಹಾಕುವ. ನನಗೆ ಎಂತ ತೊಂದರೆಯೂ ಇಲ್ಲ.

ಮುಂಗಾಲಿಗೆ ಬೇರೆ ಜನ ಮಾತ್ರ ಹುಡುಕಬೇಡಿ. ಕುದುರೆ ಬಿಟ್ಟರೆ ಮಾವನಿಗೆ ಬೇರೆ ಎಂತದ್ದೂ ಇಲ್ಲ.

ಭಾರ ಹೇಗೆ ಕಡಿಮೆಯಾಯಿತೆಂದು ಅವರು ಕೇಳಿದರೆ, ಇಡೀ ಕುದುರೆಗೆ ಹಾಳೆ, ಗಲಗಲ ಸದ್ದು ಬರಲಿಕ್ಕೆ ಮಾತ್ರ ಹಿಂದೆ ನಾಲ್ಕು ಬಿಲ್ಲೆ ಎಂದು ಹೇಳಿ. ಒಳಗೆ ಹಿಂದೆ ತಿರುಗಿ ನೋಡಲಿಕ್ಕೆ ಅವರಿಗೆ ಜಾಗ ಇಲ್ಲ.

ಇತಿ,
ಮಂಜ