ಅಟ್ಟದ ಮೇಲಿನ ಬ್ಯಾಗು

೪ ಮಾರ್ಚ್, ಮಂಗಳವಾರ. ಅಂಗಡಿಯಲ್ಲಿ.

ಬೆಳಿಗ್ಗೆಯಿಂದ ಕನ್ನಡಕಗಳಿಗೆ ಗಾಜು ಕೂರಿಸಿದ್ದೇ ಕೂರಿಸಿದ್ದು. ಒಂದು ಸ್ಕ್ರೂ ಕೆಳಗೆ ಬಿತ್ತು. ಮೊಣಕಾಲೂರಿ ಹುಡುಕುತ್ತಿದ್ದಾಗ ಅಣ್ಣನ ಫೋನು. ಅವನ ಸಿನಿಮಾ ಮುಗಿಯಿತಂತೆ. ಮನೆಯವರೆಲ್ಲರ ಕಥೆಯೂ ಇದೆಯಂತೆ — ಚಿಕ್ಕಪ್ಪನ ಎರಡನೇ ಸಂಸಾರ, ಸೋದರತ್ತೆಯ ಆಸ್ತಿ ಜಗಳ, ಅಜ್ಜಿಯ ಹಳೇ ಪ್ರೇಮ. ಒಬ್ಬರದು ಬಿಟ್ಟರೆ ಮುನಿಸಿಕೊಳ್ಳುತ್ತಾರೆ ಅಂತ ಎಲ್ಲರನ್ನೂ ಮದುವೆ ಫೋಟೋಗೆ ನಿಲ್ಲಿಸಿದ ಹಾಗೆ ತುರುಕಿದ್ದಾನೆ.

"ನಿಂದೂ ಇದೆ ಕಣೇ! ಒಬ್ಬಳು ಅಟ್ಟದ ಮೇಲೆ ಬ್ಯಾಗು ಬಚ್ಚಿಡ್ತಾಳೆ, ಅದು. ಎರಡೇ ನಿಮಿಷ. ಯಾರಿಗೂ ಗೊತ್ತಾಗಲ್ಲ ಬಿಡು."

ಇವರು, ಕಟ್ಟಿಕೊಂಡ ಗಂಡ, ನನ್ನ ಕೈ ಮುರಿದಾಗ ಅಣ್ಣನೊಬ್ಬನಿಗೇ ಹೇಳಿದ್ದೆ — ಮನೆ ಬಿಡಲು ಬಟ್ಟೆ ತುಂಬಿಟ್ಟಿದ್ದೇನೆ, ಹಳೇ ಹಾಸಿಗೆಯ ಹಿಂದೆ ಅಂತ. ಸಹಾಯ ಮಾಡುತ್ತಾನೆ ಅಂದುಕೊಂಡೆ. ಸೀನ್ ಮಾಡಿದ್ದಾನೆ.

"ಅದನ್ನ ಕಿತ್ತಾಕು ಅಣ್ಣಾ, ಕೈ ಮುಗೀತೀನಿ."

"ಈಗ ಎಲ್ಲಾಗುತ್ತೆ? ಸೆನ್ಸಾರೂ ಮುಗೀತು. ಎಲ್ಲದಕ್ಕೂ ಹೆದರ್ತೀಯಪ್ಪ ನೀನು!"

ಹೆದರದೆ ಏನು ಮಾಡಲಿ?

೭, ಶುಕ್ರವಾರ. ಅಂಗಡಿ.

ಬ್ಯಾಗು ಇಳಿಸಲು ಆಗುತ್ತಿಲ್ಲ. ಇವರಿಗೆ ಬೆನ್ನುನೋವು, ರಜೆ. ನಡುಮನೆಯಲ್ಲೇ ಠಿಕಾಣಿ. ಅಟ್ಟ ಇರುವುದೂ ಅಲ್ಲೇ. ನಿನ್ನೆ ಸ್ಟೂಲಿನ ಮೇಲೆ ಕಾಲಿಟ್ಟದ್ದಷ್ಟೇ.

"ಏನ್ ಬೇಕಿತ್ತು?"

"ಧೂಳು ಹೊಡೆಯೋಣ ಅಂತ..."

"ಕೆಳಗಿರೋದನ್ನ ಮೊದಲು ಹೊಡಿ."

ಹದಿನೇಳಕ್ಕೆ, ಸೋಮವಾರ, ಇವರು ಕೆಲಸಕ್ಕೆ ವಾಪಸ್. ಆವತ್ತೇ ಹೊರಡುವುದು. ಗೆಳತಿಗೆ ಹೇಳಿಯಾಗಿದೆ. ಅಲ್ಲಿಯವರೆಗೆ ದೇವರೇ ಗತಿ.

೧೫, ಶನಿವಾರ. ಅಂಗಡಿ.

ಅಣ್ಣ ನಮ್ಮಿಬ್ಬರಿಗೂ ಟಿಕೆಟ್ ಕಳಿಸಿದ್ದಾನೆ. ನಾಳೆ ಮ್ಯಾಟಿನಿ. ಬರುವುದಿಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ. ಇವರಿಗೆ ಯಾಕೆ ಅಂತ ಅನ್ನಿಸಲೇಬಾರದು. ಈ ಡೈರಿ ಇಷ್ಟು ದಿನ ಇಲ್ಲಿನ ಡ್ರಾಯರಿನಲ್ಲಿತ್ತು. ಇವತ್ತು ಊಟದ ಚೀಲದಲ್ಲಿ ಮನೆಗೆ ಒಯ್ಯಬೇಕು. ಸೋಮವಾರ ಇಲ್ಲಿಗೆ ಬರುವುದಿಲ್ಲವಲ್ಲ.

೧೬, ಭಾನುವಾರ. ಸಂಜೆ. ಬಚ್ಚಲಲ್ಲಿ, ನಲ್ಲಿ ಬಿಟ್ಟುಕೊಂಡು.

ಸಿನಿಮಾ ಡಬ್ಬಾ. ಚಿಕ್ಕಪ್ಪನ ಗುಟ್ಟು ಬಯಲಾಗುವಷ್ಟರಲ್ಲಿ ಸೋದರತ್ತೆಯ ಆಸ್ತಿ, ಅದು ಕೋರ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಅಜ್ಜಿ. ಯಾರ ಕಥೆಯೂ ದಡ ಸೇರಲಿಲ್ಲ. ಬ್ಯಾಗಿನ ಹೆಂಗಸು ಬಂದಳು. ಅದೇ ಅಟ್ಟ, ಅದೇ ಹಾಸಿಗೆ. "ಬಚ್ಚಲಲ್ಲಿ ಜಾರಿಬಿದ್ದೆ ಡಾಕ್ಟ್ರೇ" — ಕೈ ಮುರಿದಾಗ ನಾನು ಆಡಿದ್ದ ಮಾತೇ! ಓರೆಗಣ್ಣಲ್ಲಿ ನೋಡಿದೆ. ಇವರು ಆಕಳಿಸುತ್ತಿದ್ದರು. ಅವಳು ಮತ್ತೆ ತೆರೆಗೆ ಬರಲೇ ಇಲ್ಲ. ಬದುಕಿದೆ ಅಂದುಕೊಂಡೆ. ಇಷ್ಟು ಕೆಟ್ಟ ಸಿನಿಮಾ ತೆಗೆದ ಅಣ್ಣನಿಗೆ ಮನಸ್ಸಲ್ಲೇ ಕೈ ಮುಗಿದೆ.

ದಾರಿಯುದ್ದಕ್ಕೂ ಬೈಗುಳ. "ನಿಮ್ಮಣ್ಣಂಗೆ ತಲೆ ಇದೆಯಾ? ಎಲ್ಲಾ ಶುರು ಮಾಡಿದಾನೆ, ಒಂದನ್ನೂ ಮುಗಿಸಿಲ್ಲ." ನಾನೂ ನಕ್ಕೆ. ಹೂಂಗುಟ್ಟಿದೆ.

ಮನೆಗೆ ಬಂದು ಶೂ ಬಿಚ್ಚುತ್ತಾ ಕೇಳಿದರು. "ಆ ಬ್ಯಾಗಿನವಳು ಕೊನೆಗೆ ಹೋದ್ಲಾ, ಇಲ್ವಾ?"

"ಗೊತ್ತಿಲ್ಲ... ತೋರಿಸಲೇ ಇಲ್ವಲ್ಲ."

"ಹೌದು. ತೋರಿಸಲಿಲ್ಲ."

ತಲೆ ಎತ್ತಿ ಅಟ್ಟ ನೋಡಿದರು. ಮುಖ ತೊಳೆಯುವ ನೆಪದಲ್ಲಿ, ಊಟದ ಚೀಲದ ಸಮೇತ, ಇಲ್ಲಿ ಬಂದು ಸೇರಿದೆ.

ಬೆನ್ನುನೋವಿನ ಮನುಷ್ಯ. ಹತ್ತಲಾರರು.

ಸ್ಟೂಲು ಎಳೆಯುವ ಸದ್ದು.

ಹಾಸಿಗೆ ಕೆಳಗೆ ಬಿತ್ತು. ಕರೆಯುತ್ತಿದ್ದಾರೆ. ದನಿ ಏರಿಸಿಲ್ಲ, ಮೆಲ್ಲಗೆ ಕರೆಯುತ್ತಿದ್ದಾರೆ... ಇಲ್ಲಿನ ಚಿಲಕ ಸಡಿಲ. ರಿಪೇರಿ ಮಾಡಿಸಿ ಅಂತ ಇವರಿಗೆ ಎಷ್ಟು ಸಲ