ಆಣೆ ಮಾಡದ ಓಟು

ಹತ್ತರಗಿ
ತಾ. ೨೦-೨-೧೯೩೭

ಪೂಜ್ಯ ಯಜಮಾನರಿಗೆ ಶಿವಗಂಗವ್ವನ ಶರಣಾರ್ಥಿ.

ಸೊಲ್ಲಾಪುರದ ಗಿರಣಿಯಲ್ಲಿ ಹತ್ತಿದ ಕೆಮ್ಮು ಈಗ ಹೇಗಿದೆ? ಅತ್ತೆಯವರು ಕಳಿಸಿದ ಶುಂಠಿ ಪುಡಿಯನ್ನು ಬಿಸಿನೀರಲ್ಲಿ ಕುಡಿಯಿರಿ, ಡಬ್ಬಿಯಲ್ಲೇ ಇಟ್ಟುಬಿಡಬೇಡಿ. ಇಲ್ಲಿ ಎಲ್ಲರೂ ಆರಾಮ.

ಮೊನ್ನೆ ನನ್ನ ಮೊದಲ ಓಟು ಹಾಕಿ ಬಂದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಶಾಲೆಯಲ್ಲಿ ಕಲಿಸುವವಳೆಂದು ಇಪ್ಪತ್ತೆರಡನೆಯ ವಯಸ್ಸಿಗೇ ನನ್ನ ಹೆಸರೂ ಓಟಿನ ಯಾದಿಯಲ್ಲಿ ಬಂದಿತ್ತಲ್ಲ. ಓಟಿಗೂ ಎಂಟು ದಿನ ಮೊದಲು ಮಠದ ಅಯ್ಯನವರು ಮನೆಗೆ ಬಂದು, ಮಠದ ಕಡೆಯ ಸಾವಕಾರರಿಗೇ ಓಟು ಕೊಡುತ್ತೇವೆಂದು ಲಿಂಗ ಮುಟ್ಟಿ ಆಣೆ ಮಾಡಿರಿ ಎಂದರು. ಮಾವನವರು ಮಾಡಿದರು. ನನ್ನ ಕೈ ಮೇಲೇಳಲಿಲ್ಲ. ನಮ್ಮ ಶಾಲೆಯಲ್ಲಿ ಹರಿಜನ ಕೇರಿಯ ಹುಡುಗಿಯರಿಬ್ಬರು ಹೊಸ್ತಿಲ ಹೊರಗೆ ಕೂತು ಪಾಠ ಕೇಳುತ್ತಾರೆ. ಅವರನ್ನು ಒಳಗೆ ಕೂಡಿಸುತ್ತೇನೆಂದಾಗ ಅಡ್ಡ ಬಂದವರು ಇದೇ ಸಾವಕಾರರು. ಕೂಡಿಸಲೇಬೇಕೆಂದು ಅರ್ಜಿ ಬರೆದವರು ಅವರೆದುರು ಚುನಾವಣೆಗೆ ನಿಂತ ವಕೀಲರು. ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟು ಪೂಜಿಸುವ ಲಿಂಗವನ್ನು ಮುಟ್ಟಿ, ಆ ಹುಡುಗಿಯರ ವಿರುದ್ಧ ಹೇಗೆ ಮಾತು ಕೊಡಲಿ?

“ನನ್ನ ಕಡಿಂದ ಆಗೂದಿಲ್ರಿ ಅಯ್ಯಾರ,” ಎಂದೆ. ಅವರು ಪ್ರಸಾದ ಮಾಡದೆ, ಉಣ್ಣದೆಯೇ ಎದ್ದು ಹೋದರು. ಮಾವನವರು ನಾಲ್ಕು ದಿನ ನನ್ನ ಕೈಯ ನೀರು ಕುಡಿಯಲಿಲ್ಲ. ಐದನೆಯ ದಿನ ಅವರೇ ಕೇಳಿದರು, “ಧರ್ಮಾ ಬಿಟ್ಟಿ ಏನವಾ?”

“ಇಲ್ರಿ ಮಾವಾರ. ಧರ್ಮಾ ಹಿಡದೇನಿ ಅಂತನ ಒಲ್ಲೆ ಅಂದೆ.”

ಅವರು ನನ್ನ ಕೈಯ ತಂಬಿಗೆ ತೆಗೆದುಕೊಂಡು ನೀರು ಕುಡಿದರು.

ಓಟಿನ ದಿನ ಅವರೇ ಚಕ್ಕಡಿ ಹೂಡಿ ಹುಕ್ಕೇರಿಗೆ ಕರೆದೊಯ್ದರು. ಅಲ್ಲಿ ಗುಮಾಸ್ತ ಗಂಡನ ಹೆಸರು ಕೇಳಿದ. ನಾನು ಬಾಯಿ ಬಿಡದೆ, ಅವನ ಪೆನ್ಸಿಲು ಇಸಿದುಕೊಂಡು ಬರೆದುಕೊಟ್ಟೆ. ಸಾಲಲ್ಲಿ ನಿಂತವರೆಲ್ಲ ನಕ್ಕರು, ಮಾವನವರೂ. ಅವರು ಆಣೆಯಂತೆ ಸಾವಕಾರರಿಗೆ ಹಾಕಿದರು, ನಾನು ವಕೀಲರಿಗೆ. ದಾರಿಯಲ್ಲಿ ಬುತ್ತಿ ಬಿಚ್ಚಿ ಬಡಿಸಿದೆ. “ನೀನೂ ಉಣ್ಣವಾ,” ಎಂದರು.

ಹಿರಿಯರಿಬ್ಬರೂ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಶಿವನು ನಿಮ್ಮನ್ನು ಕಾಯಲಿ.

ನಿಮ್ಮ
ಶಿವಗಂಗವ್ವ

ತಾ.ಕ.: ಟಪಾಲಿನವರು ಬಾಗಿಲಲ್ಲಿ ನಿಂತಿದ್ದಾರೆ. ನಿಮ್ಮ ಹಿಂದಿನ ಪತ್ರವನ್ನು ಎಂದಿನಂತೆ ಮಾವನವರಿಗೆ ಓದಿ ಹೇಳಿದ್ದೆ. ‘ಸಾವಕಾರರಿಗೇ ಓಟು ಹಾಕು, ಇದು ನನ್ನ ಮಾತು’ ಎಂದು ನೀವು ಬರೆದ ಸಾಲನ್ನು ಮಾತ್ರ ಬಿಟ್ಟು ಓದಿದೆ. ಅದು ತಪ್ಪು. ಇವತ್ತು ಸಂಜೆ ಆ ಸಾಲನ್ನೂ ಅವರಿಗೆ ಓದಿ ಹೇಳುತ್ತೇನೆ. ನಿಮಗೂ ತಿಳಿದಿರಲಿ: ಅದನ್ನು ಓದಿದ ಮೇಲೆಯೇ ನಾನು ವಕೀಲರಿಗೆ ಓಟು ಹಾಕಿದ್ದು.