ಹಿಂದಿನದು ಏನಾಯ್ತು?

ಅಪ್ಪನ ಆಫೀಸು, ಮಹಡಿ ಕೋಣೆ
ಬುಧವಾರ, ಊಟದ ಹೊತ್ತು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ, ಇಲ್ಲಾ ಅಲ್ಲೂ ಕಂಪ್ಯೂಟರಿನ ಮುಂದೆ ಬಾಗಿಕೊಂಡೇ ಊಟ ಮಾಡುತ್ತೀಯಾ? ಅಮ್ಮನ ಮಂಡಿನೋವು ಹಾಗೇ ಇದೆ. ಅಪ್ಪನ ಬಿ.ಪಿ. ಏರಿದೆ. ನಿನ್ನ ಭಾವ ಮಾತ್ರ ಗುಂಡುಕಲ್ಲಿನ ಹಾಗಿದ್ದಾರೆ. ನಾಚಿಕೆಯಿಲ್ಲದವರ ಹತ್ತಿರ ಕಾಯಿಲೆಯೂ ಸುಳಿಯುವುದಿಲ್ಲ. ಕಟ್ಟಿಕೊಂಡವಳು ನಾನೇ ಆದ್ದರಿಂದ ಹೀಗೆ ಬರೆಯುವ ಹಕ್ಕು ನನಗಿದೆ.

ನೀನು ಹೋದ ಮೇಲೆ ನಮ್ಮ ಬಿಲ್ಲಿನ ಸಾಫ್ಟ್‌ವೇರನ್ನು ಅಂಗಡಿಗಳ ಕಾರ್ಡ್ ಮೆಷೀನಿಗೆ ಜೋಡಿಸುವ ಕೆಲಸ ಅವರ ಪಾಲಿಗೆ ಬಂತಲ್ಲ, ಮಂಗನ ಕೈಗೆ ಮಾಣಿಕ್ಯ ಸಿಕ್ಕಿದಂತಾಯಿತು. ಹಣ ಕೇಳಿದ ಮೇಲೆ ಮೆಷೀನಿನಿಂದ ಉತ್ತರ ಬಾರದಿದ್ದರೆ, ನಮ್ಮ ಸಾಫ್ಟ್‌ವೇರ್ ಮೊದಲು ಅದನ್ನು 'ಹಿಂದಿನದು ಏನಾಯ್ತು?' ಎಂದು ಕೇಳಬೇಕು, ಆಮೇಲೇ ಮುಂದಿನ ಮಾತು ಎಂದು ನೀನು ಬರೆದಿದ್ದೆ. ಜಗಳ ಆದದ್ದೂ ಅದಕ್ಕೇ ತಾನೆ? "ಗಿರಾಕಿ ಏನು ಕಾಯೋಕೆ ಬಂದಿದಾನಾ?" ಅಂದರು ಭಾವ. "ಅಳಿಯಂದಿರು ಹೇಳೋದ್ರಲ್ಲಿ ತಪ್ಪೇನಿದೆ?" ಅಂದರು ಅಪ್ಪ. ನೀನು ಚೀಲ ಹೆಗಲಿಗೇರಿಸಿದೆ. ಮರುದಿನವೇ ಭಾವ ಆ ಪ್ರಶ್ನೆಯನ್ನು ಕಿತ್ತುಹಾಕಿದರು. ಉತ್ತರ ತಡವಾದರೆ ಮತ್ತೆ ಹಣ ಕೇಳು, ಅಷ್ಟೇ. ಪರೀಕ್ಷೆಯನ್ನಾದರೂ ನಿಜವಾದ ಮೆಷೀನಿನ ಮೇಲೆ ಮಾಡಿದರು ಅಂದುಕೊಂಡೆಯಾ? ವೈರು ಸಿಕ್ಕಿಸುವುದಕ್ಕೂ ಸೋಮಾರಿತನ. ಕಂಪ್ಯೂಟರಿನೊಳಗೇ ಒಂದು ಸುಳ್ಳು ಮೆಷೀನು ಬರೆದುಕೊಂಡರು. ಅದು ಕೇಳಿದ್ದಕ್ಕೆಲ್ಲ ತಕ್ಷಣ ಹೂಂ ಅನ್ನುತ್ತದೆ. ಮನೆಯಲ್ಲಿ ಸಿಗದ ಸುಖ ಪಾಪ ಅಲ್ಲಿ ಸಿಕ್ಕಿತು. ಎಲ್ಲ ಪಾಸ್ ಎಂದು ಮೀಸೆ ತಿರುವುತ್ತಾ ಔಷಧಿ ಅಂಗಡಿಗೆ ಹಾಕಿಕೊಟ್ಟು ಬಂದರು.

ನಿಜವಾದ ಮೆಷೀನು ಹಾಗೆಲ್ಲ ಹೂಂ ಅನ್ನುತ್ತದೆಯೇ? ಬ್ಯಾಂಕು ಒಪ್ಪಿದರೂ ಆ ಸುದ್ದಿ ತಿರುಗಿ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ನಮ್ಮ ಸಾಫ್ಟ್‌ವೇರ್ ತಾಳ್ಮೆಗೆಟ್ಟು ಮತ್ತೆ ಕೇಳಿದೆ. ಔಷಧಿಗೆ ಬಂದಿದ್ದ ಒಬ್ಬ ಅಜ್ಜಿಗೆ ಅಂಗಡಿಯವರು "ಕಾರ್ಡು ಇನ್ನೊಂದ್ಸಲ ತಾಗಿಸಿ ಅಜ್ಜಿ" ಅಂದಿದ್ದಾರೆ, ಅಜ್ಜಿ ತಾಗಿಸಿದ್ದಾರೆ, ಮತ್ತೂ ತಾಗಿಸಿದ್ದಾರೆ. ಒಂದು ಕೆಮ್ಮಿನ ಔಷಧಿಗೆ ಮೂರು ಸಲ ಹಣ ಹೋಗಿದೆ. ಮಾರನೆಯ ದಿನ ಅಜ್ಜಿ ಊರುಗೋಲು ಹಿಡಿದು ಬಂದು ಅಂಗಡಿಯವರನ್ನು ಗಿರಾಕಿಗಳ ಎದುರಿಗೇ ಕಳ್ಳ ಅಂದರಂತೆ. ನಿನ್ನ ಭಾವ ಲೈನು ಸರಿಯಿಲ್ಲ, ಮೆಷೀನು ಸರಿಯಿಲ್ಲ, ಕೊನೆಗೆ ಅಜ್ಜಿಯ ಕೈಯೇ ಸರಿಯಿಲ್ಲ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ವಾರದೊಳಗೆ ಸರಿಹೋಗದಿದ್ದರೆ ನಿಮ್ಮ ಸಹವಾಸವೇ ಬೇಡ ಎಂದು ಅಂಗಡಿಯವರು ಹೇಳಿ ಹೋಗಿದ್ದಾರೆ. ನಮಗಿರುವ ದೊಡ್ಡ ಗಿರಾಕಿ ಅವರೊಬ್ಬರೇ. ಅವರು ಹೋದರೆ ಅಪ್ಪ ಈ ಕೋಣೆಗೆ ಬೀಗ ಹಾಕಬೇಕು.

ಹಿಗ್ಗಬೇಡ, ನೀನೂ ಏನು ಸಾಚಾ ಅಲ್ಲ. ಜೀವವಿಲ್ಲದ ಡಬ್ಬಿಯ ಹತ್ತಿರ ಎಷ್ಟು ಹೊತ್ತು ಬೇಕಾದರೂ ಕಾಯುತ್ತೀಯ. ಹೆತ್ತ ಅಪ್ಪನ ಒಂದು ಮಾತಿಗೆ ಕಾಯಲಾರದೆ ಬಾಗಿಲು ದಡಾರನೆ ಹಾಕಿಕೊಂಡು ಹೋದೆ. ನಿನ್ನ ಭಾವ ದಡ್ಡರು, ನೀನು ಜಾಣ ದಡ್ಡ. ಇಬ್ಬರ ನಡುವೆ ಸಿಕ್ಕಿ ಅಪ್ಪ ಸೊರಗುತ್ತಿರುವುದನ್ನು ನೋಡಿದರೆ ನನಗೆ ಅಳು ಬರುತ್ತದೆ.

ಅಮ್ಮನ ಆಶೀರ್ವಾದ. ಭಾವನ ಶುಭಾಶಯವನ್ನು ಅವರನ್ನು ಕೇಳದೆಯೇ ನಾನು ತಡೆಹಿಡಿದಿದ್ದೇನೆ.

ನಿನ್ನ ಅಕ್ಕ

ಮರೆತ ಮಾತು: ಅಪ್ಪ ನಿನಗೆ "ಬಾ" ಎಂದು ಎರಡು ಸಲ ಮೆಸೇಜು ಕಳಿಸಿದರಂತೆ, ಈಗಷ್ಟೇ ಬಾಯಿಬಿಟ್ಟರು. ಉತ್ತರ ಬರಲಿಲ್ಲವಂತೆ. ಮೂರನೆಯದನ್ನು ಬರೆಯುತ್ತಿದ್ದರು, ನಾನು ಫೋನು ಕಿತ್ತುಕೊಂಡೆ. ಮತ್ತೆ ಬಾ ಅನ್ನುವುದಿಲ್ಲ ಕಣೋ. ನೀನು ಬರೆದಿದ್ದ ಹಾಗೇ ಕೇಳುತ್ತೇನೆ: ಹಿಂದಿನದು ಏನಾಯ್ತು?